ಸಿತಾರ ರತ್ನ ರಹಿಮತ್ ಖಾನರ ಕಾಲ

1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದ. ಅದಾಗಿ ಎರಡು ವರ್ಷಕ್ಕೆ ದೂರದ ಭಾವನಗರದಲ್ಲಿ ಸಂಗೀತಗಾರರ ಮನೆತನವೊಂದರಲ್ಲಿ ರಹಿಮತ್ ಖಾನ್ ಹುಟ್ಟಿದರು. ಆ ಕಾಲದ ಕನ್ನಡ ನಾಡು ಹಲವು ದೊರೆತನಗಳಲ್ಲಿ ಹರಿದು ಹಂಚಿಹೋಗಿತ್ತು. ಕೊಪ್ಪಳ ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗರ ಜಹಗೀರಿ, ಧಾರವಾಡ ಮುಂಬಯಿ ಇಲಾಖೆ, ಮೈಸೂರು ಹೆಸರಿಗೆ ಒಡೆಯರದು, ಆಡಳಿತ ಬ್ರಿಟಿಷ್ ಕಮಿಷನರರದು. ಗುಜರಾತದ ಈ ಹುಡುಗ ಮುಂದೊಂದು ದಿನ ಆ ನಾಡಿನವನೇ ಆಗುತ್ತಾನೆಂದು ಯಾರು ಎಣಿಸಿದ್ದರು!

ಅವರ ಗುರು ಬೀನಕಾರ ಬಂದೇ ಅಲಿ ಖಾನ್. ಬೀನ್ ಎಂದರೆ ರುದ್ರವೀಣೆ, ಅದರ ಮಹಾರಥಿಗಳಲ್ಲಿ ಒಬ್ಬರು. ಬೀನಿನ ಹಿರಿಮೆಯೆಲ್ಲ ಆಲಾಪದ್ದು: ಅವಸರವಿಲ್ಲದೆ ಮಂದ್ರದ ಆಳಕ್ಕಿಳಿದು ಒಂದೊಂದು ಸ್ವರವನ್ನೂ ಅರಳಿಸುವ ನಡಿಗೆ. ಶಿಷ್ಯ ಅದನ್ನು ಸಿತಾರಿಗೆ ತರಬೇಕೆಂದು ಹೊರಟರು. ಆದರೆ ಅಂದಿನ ಸಿತಾರು ಹೆಚ್ಚಾಗಿ ಗತ್ತುಗಳ ವಾದ್ಯ, ಅಷ್ಟು ಆಳ ಅದಕ್ಕಿರಲಿಲ್ಲ. ಖಾನಸಾಹೇಬರು ತಂತಿಗಳ ಕ್ರಮವನ್ನೇ ಬದಲಿಸಿ, ಖರಜದ, ಅಂದರೆ ಆಳದ ಸ್ವರದ, ದಪ್ಪ ತಂತಿ ಸೇರಿಸಿ ಏಳು ತಂತಿಯ ಸಿತಾರನ್ನು ರೂಪಿಸಿದರೆಂದು ಧಾರವಾಡದ ಪರಂಪರೆ ಹೇಳುತ್ತದೆ. ಈ ಹಿರಿಮೆ ತಮ್ಮದೆನ್ನುವ ಘರಾಣೆಗಳು ಬೇರೆಯೂ ಇವೆ, ಆ ವ್ಯಾಜ್ಯ ಇಲ್ಲಿ ಬೇಡ. ಬಲಗೈ ತೋರುಬೆರಳಿಗೆ ತೊಟ್ಟ ತಂತಿಯುಂಗುರ ಮಿಜ್ರಾಬು ಒಮ್ಮೆ ಮೀಟಿದ ನಾದವನ್ನು ಎಡಗೈ ಆರಲು ಬಿಡದೆ, ತಂತಿಯನ್ನು ಕಮಾನಿನಂತೆ ಬಾಗಿದ ಪರದೆಯ (ಮೆಟ್ಟಿನ) ಮೇಲೆ ಅಡ್ಡಕ್ಕೆ ಜಗ್ಗಿ ಸ್ವರದಿಂದ ಸ್ವರಕ್ಕೆ ಒಯ್ಯಬೇಕು. ಅದೇ ಮೀಂಡ್. ಉಕ್ಕಿನ ತಂತಿ ಬೆರಳತುದಿಯಲ್ಲಿ ಗೀರು ಕೊರೆಯುತ್ತದೆ, ಚರ್ಮ ಗಟ್ಟಿಗೊಂಡ ಮೇಲೆಯೇ ವಿದ್ಯೆ ಕೈಗೆ ಹತ್ತುವುದು.

ತಂತಿಯನ್ನು ಜಗ್ಗಿ ಹಾಡಿಸುವ ಈ ಹಂಬಲ ಒಂದೇ ದೇಶದ್ದಲ್ಲ. ಐರ್ಲೆಂಡಿನ ರೋರಿ ಗ್ಯಾಲಗರ್ 1963ರಲ್ಲಿ ಕಾರ್ಕ್ ಪಟ್ಟಣದ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಕೊಂಡ, ಅಮೆರಿಕದ ಕರಿಯರ ಬ್ಲೂಸನ್ನು ಅದರಲ್ಲಿ ನುಡಿಸಿ ಲೋಕ ಸುತ್ತಿದ. ಗಿಟಾರಿನ ಬಣ್ಣವೆಲ್ಲ ಉದುರಿ ಕಟ್ಟಿಗೆ ಕಂಡರೂ ಅದನ್ನು ಬಿಡಲಿಲ್ಲ. 1995ರಲ್ಲಿ, ನಲವತ್ತೇಳರ ವಯಸ್ಸಿಗೇ ತೀರಿಕೊಂಡ. ನಮ್ಮ ಖಾನಸಾಹೇಬರಿಗೆ ಅದರ ಎರಡರಷ್ಟು ಆಯುಷ್ಯ ದೊರೆಯಿತು.

ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ‘ಸಿತಾರ ರತ್ನ’ ಬಿರುದು ಕೊಟ್ಟರು. ಆಸ್ಥಾನದ ನೆರಳು ಹಿತವೇ, ಆದರೂ 1912ರಲ್ಲಿ ಅವರು ನೆಲೆ ನಿಂತದ್ದು ಅರಸರಿಲ್ಲದ ಧಾರವಾಡದಲ್ಲಿ. 1931ರಲ್ಲಿ ಅಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆರೆದರು. ದರಬಾರಿನ ವಿದ್ಯೆಯನ್ನು ಊರ ಮಕ್ಕಳಿಗೆ ಹಂಚಿದ ಆ ಕೆಲಸ ಬಿರುದಿಗಿಂತ ದೊಡ್ಡದೆಂದು ನನ್ನ ಎಣಿಕೆ. ಧಾರವಾಡ ಗಾಯಕರ ಸೀಮೆ. ಅಬ್ದುಲ್ ಕರೀಮ್ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ, ಭೀಮಸೇನರಿಗೆ ಹರಿದ ಕಿರಾಣಾ ಗಾಯಕಿಯ ನೆಲ. ಬಂದೇ ಅಲಿ ಖಾನರೂ ಕಿರಾಣೆಯವರೇ. ಹಾಗಾಗಿ ಕಂಠಕ್ಕೆ ಒಲಿದಿದ್ದ ಕಿವಿಗಳು ಈ ಸಿತಾರನ್ನು ಹೊರಗಿನದೆಂದು ತಳ್ಳಲಿಲ್ಲ.

ಇದೇ ಹೆಸರಿನ ಗ್ವಾಲಿಯರ್ ಘರಾಣೆಯ ಗಾಯಕ ‘ಭೂಗಂಧರ್ವ’ ರಹಿಮತ್ ಖಾನ್ ಬೇರೆ. ಛತ್ರೆಯವರ ಸರ್ಕಸ್ಸಿನ ಜೊತೆ ಊರೂರು ತಿರುಗಿದವರು ಅವರು.

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಹಿಂದೊಮ್ಮೆ ಮಹಫಿಲಿನ ಗೋಡೆಯೊಳಗಿದ್ದ ಧಾರವಾಡದ ಸಂಗೀತ, ನಿಜಾಮರ ಆಳ್ವಿಕೆ ಕಳಚಿಕೊಂಡಿದ್ದ ಕೊಪ್ಪಳ ಸೀಮೆಯ ನಮ್ಮ ಇರಕಲ್ಲಗಡದ ಬಂಡೆಗುಡ್ಡಗಳ ಕಡೆಗೂ ರೇಡಿಯೊ ಹಿಡಿದು ಬರುವ ದಾರಿ ತೆರೆಯಿತು. 1954ರಲ್ಲಿ ಖಾನಸಾಹೇಬರು ಕಾಲವಾದರು. ಅವರು ನಡೆದಾಡಿದ ಮೈಸೂರು, ಧಾರವಾಡಗಳೂ ನಮ್ಮ ಕೊಪ್ಪಳವೂ ಒಂದೇ ರಾಜ್ಯವಾಗಲು ಇನ್ನೂ ಎರಡು ವರ್ಷವಿತ್ತು.

ವಿದ್ಯೆ ಮಗ ಅಬ್ದುಲ್ ಕರೀಮ್ ಖಾನರಿಗೆ (ಅದೇ ಹೆಸರಿನ ಕಿರಾಣೆಯ ಗಾಯಕ ಬೇರೆ), ಅವರಿಂದ ಅವರ ಮಕ್ಕಳಿಗೆ ಇಳಿಯಿತು. ಅವರಲ್ಲಿ ಬಾಲೇ ಖಾನ್ 2007ರಲ್ಲಿ ತೀರಿಕೊಳ್ಳುವವರೆಗೆ ಧಾರವಾಡದ ಸಿತಾರೆಂದರೆ ಅವರ ಹೆಸರೇ ಮೊದಲು. ಉಸ್ಮಾನ್ ಖಾನ್ ಪುಣೆಗೆ ಹೋದರು, ಹಮೀದ್ ಖಾನ್ ಧಾರವಾಡದಲ್ಲೇ ಉಳಿದರು, ರಫೀಕ್ ಖಾನ್ ಮಂಗಳೂರು ಸೇರಿದರು. ಗೋವೆಯಲ್ಲಿ ನೆಲೆಸಿದ ಇನ್ನೊಬ್ಬ ಮೊಮ್ಮಗನ ಹೆಸರು ಛೋಟೆ ರಹಿಮತ್ ಖಾನ್.