ಗೆರೆ ಇಳಿಯಿತೋ, ನೆಲಕಚ್ಚಿತೋ?

ಈರುಳ್ಳಿ ಬೆಲೆ ‘ಗಗನಕ್ಕೇರಿತು’, ಷೇರುಪೇಟೆ ‘ನೆಲಕಚ್ಚಿತು’ ಎಂಬ ತಲೆಬರಹಗಳು ನಮಗೆ ಹೊಸವಲ್ಲ. ಬೆಲೆ ಏರುವ, ಇಳಿಯುವ ಮಾತು ಬಹಳ ಹಳೆಯದು. ಆದರೆ ಆ ಏರಿಳಿತವನ್ನು ಕಣ್ಣಿಗೆ ಕಾಣುವ ಗೆರೆಯಾಗಿ ಬರೆದು ತೋರಿಸಿದ್ದು ಈಚಿನ ಸಂಗತಿ.

ಅದರ ಕೀರ್ತಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್‌ಗೆ (1759-1823) ಸಲ್ಲುತ್ತದೆ. ಉಗಿಯಂತ್ರದ ಜೇಮ್ಸ್ ವಾಟ್ ಬಳಿ ನಕ್ಷೆಗಾರನಾಗಿದ್ದ ಈತ 1786ರಲ್ಲಿ ಇಂಗ್ಲೆಂಡಿನ ಆಮದು-ರಫ್ತಿನ ಲೆಕ್ಕವನ್ನು ರೇಖಾಚಿತ್ರಗಳ ಪುಸ್ತಕವಾಗಿಸಿದ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಮಾತ್ರ ಅವನಿಗೆ ದೊರೆತದ್ದು ಒಂದೇ ವರ್ಷದ ಅಂಕಿ. ಹಾಗಾಗಿ ಅಲ್ಲಿ ಗೆರೆಯ ಬದಲು ಪಟ್ಟಿಗಳನ್ನು ಎಳೆದ. ಇದರಲ್ಲೊಂದು ಪಾಠವಿದೆ: ಕಾಲ ಸರಿಯದೆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಪಟ್ಟಿಗೆ ‘ಹೆಚ್ಚು’, ‘ಕಡಿಮೆ’ ಸಾಕು; ಗೆರೆಗೆ ಕ್ರಿಯಾಪದ ಬೇಕು.

ಇಂಗ್ಲಿಷ್ ಈ ಕ್ರಿಯಾಪದಗಳನ್ನು ನೆಲ, ನೀರು, ಗಾಳಿಯಿಂದ ಎರವಲು ಪಡೆಯಿತು. ‘ಸೋರ್’ ಪದದ ಬೇರು ಗಾಳಿ, ಹಕ್ಕಿಯಂತೆ ಮೇಲೇರುವುದು. ‘ಪ್ಲಮೆಟ್’ ನೀರಿನ ಆಳ ಅಳೆಯಲು ಇಳಿಬಿಡುತ್ತಿದ್ದ ಸೀಸದ ಗುಂಡು. ‘ಫ್ಲಕ್ಚುಯೇಟ್’ ಲ್ಯಾಟಿನ್ನಿನ ಅಲೆಯಿಂದ ಬಂದದ್ದು. ‘ಪ್ಲಾಟೋ’ ಎಂದರೆ ಪ್ರಸ್ಥಭೂಮಿ. ಏರಿದ ಗೆರೆ ಮೇಲೆಯೇ ಸಮವಾಗಿ ಸಾಗುವುದು. ವಿದೇಶಕ್ಕೆ ಓದಲು ಹೊರಟ ನಮ್ಮ ಹುಡುಗರು ಐಇಎಲ್‌ಟಿಎಸ್ ಪರೀಕ್ಷೆಗೆ ಇವನ್ನೇ ಉರು ಹೊಡೆಯುತ್ತಾರೆ. ಆದರೆ ಉರು ಹೊಡೆದರೆ ಸಾಲದು, ತೂಗಬೇಕು.

ಅಮೆರಿಕದ ಡೋ ಜೋನ್ಸ್ ಸೂಚ್ಯಂಕವನ್ನೇ ನೋಡಿ. 1929ರ ಸೆಪ್ಟೆಂಬರಿನಲ್ಲಿ 381 ಇದ್ದದ್ದು 1932ರ ಜುಲೈಗೆ 41ಕ್ಕೆ ಬಂತು. ‘ಪಾತಾಳಕ್ಕಿಳಿಯಿತು’ ಎಂದರೆ ತಪ್ಪಿಲ್ಲ, ಆದರೆ ಅಷ್ಟೇ ಹೇಳಿದರೆ ಕಥೆ ಅರ್ಧ. 1929ರ ನವೆಂಬರಿನಲ್ಲಿ 198ಕ್ಕೆ ಕುಸಿದ ಸೂಚ್ಯಂಕ 1930ರ ಏಪ್ರಿಲ್‌ನಲ್ಲಿ 294ಕ್ಕೆ ಚೇತರಿಸಿಕೊಂಡಿತ್ತು. ಗಂಡಾಂತರ ಕಳೆಯಿತೆಂದು ನಂಬಿ ಆಗ ಹಣ ಹೂಡಿದವರನ್ನು ಮುಳುಗಿಸಿದ್ದು ಎರಡನೆಯ ಇಳಿತ. ಒಂದೇ ಕ್ರಿಯಾಪದ ಅವರನ್ನು ಮರೆಮಾಡಿಬಿಡುತ್ತದೆ.

ಇನ್ನೊಂದು ಎಡವಟ್ಟು ನಮ್ಮ ಜೇಬಿಗೇ ಹತ್ತಿರದ್ದು. ಹಣದುಬ್ಬರದ ದರ ಶೇಕಡ 10ರಿಂದ 6ಕ್ಕೆ ಬಂದರೆ ಗೆರೆ ಕೆಳಮುಖವಾಗುತ್ತದೆ. ಹಾಗೆಂದು ‘ಬೆಲೆ ಇಳಿಯಿತು’ ಎನ್ನಲಾಗದು. 100 ರೂಪಾಯಿಯ ಸಾಮಾನು ಈಗ 106 ರೂಪಾಯಿ! ಇಳಿದದ್ದು ಏರಿಕೆಯ ವೇಗ, ಬೆಲೆಯಲ್ಲ.

ಗೆರೆಯ ಕಡಿದಾದ ನೋಟಕ್ಕೂ ಮರುಳಾಗಬಾರದು. ಲಂಬರೇಖೆಯ ಅಳತೆ ಸೊನ್ನೆಯ ಬದಲು 97ರಿಂದ ಆರಂಭವಾದರೆ, 100ರಿಂದ 98ಕ್ಕಾದ ಇಳಿಕೆಯೂ ಪ್ರಪಾತದಂತೆ ಕಾಣುತ್ತದೆ. ಅಲ್ಲಿ ‘ತುಸು ಇಳಿಯಿತು’ ಎಂಬುದೇ ಸರಿಯಾದ ಮಾತು. ಎಷ್ಟು, ಎಷ್ಟು ಕಾಲದಲ್ಲಿ, ಯಾವುದರ ಲೆಕ್ಕ ಎಂಬ ಮೂರು ಪ್ರಶ್ನೆ ಕೇಳಿದ ಮೇಲೆ ಕ್ರಿಯಾಪದ ಆರಿಸಿದರೆ ಗೆರೆಗೂ ನ್ಯಾಯ, ಓದುಗನಿಗೂ ನ್ಯಾಯ.