ಪಾಲುದಾರಿಕೆಯ ಆಸ್ತಿ ಮತ್ತು ಅಧಿಕಾರ: ಕಾಫಿ ತೋಟಗಳ ಸಂದರ್ಭ
ಮೂಡಿಗೆರೆ, ಬಾಳೂರು, ಕಳಸದ ಸುತ್ತ ಅಣ್ಣತಮ್ಮಂದಿರು ಪಾಲುದಾರಿಕೆ ಪತ್ರ ಬರೆದುಕೊಂಡು ನಡೆಸುವ ಕಾಫಿ ತೋಟಗಳುಂಟು. ಇಂಥ ತೋಟದ ಒಡೆಯರು ಯಾರು ಎಂಬುದು ಕಾನೂನಿನಲ್ಲಿ ತೋರುವಷ್ಟು ಸರಳವಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಫರ್ಮ್ ಎಂಬುದು ಪಾಲುದಾರರೆಲ್ಲರಿಗೂ ಸೇರಿದ ಒಂದು ಹೆಸರಷ್ಟೇ. ಅದಕ್ಕೆ ಕಂಪನಿಯಂತೆ ಪ್ರತ್ಯೇಕ ವ್ಯಕ್ತಿತ್ವವಿಲ್ಲ. ಬೇರೆ ಉದ್ದೇಶ ಕಾಣದಿದ್ದರೆ, ಫರ್ಮಿನ ಹಣದಲ್ಲಿ ಕೊಂಡ ಜಮೀನು ಫರ್ಮಿನ ಆಸ್ತಿ (14ನೇ ಕಲಂ). ವ್ಯವಹಾರ ನಡೆಯುತ್ತಿರುವಾಗ ಯಾವ ಪಾಲುದಾರನೂ ಹಳ್ಳದ ಬದಿಯ ರೊಬಸ್ಟಾ ಪಟ್ಟಿಯನ್ನು ತೋರಿಸಿ ‘ಇದು ನನ್ನದು’ ಎನ್ನುವಂತಿಲ್ಲ. ಅವನಿಗಿರುವುದು ಲಾಭದ ಪಾಲು, ವಿಸರ್ಜನೆಯಾದರೆ ಸಾಲ ತೀರಿ ಉಳಿದದ್ದರಲ್ಲಿ ಪಾಲು. ಅಡ್ಡಂಕಿ ನಾರಾಯಣಪ್ಪ ಪ್ರಕರಣದಲ್ಲಿ (1966) ಸುಪ್ರೀಂ ಕೋರ್ಟ್ ಈ ಹಿತವನ್ನು ಚರಾಸ್ತಿ ಎಂದೇ ಪರಿಗಣಿಸಿತು. ನೋಂದಣಿಯಾಗದ ಫರ್ಮ್, ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಕಾಫಿ ಕೊಂಡವನು ಹಣ ಕೊಡದಿದ್ದಾಗಲೇ ಹಲವರಿಗೆ ಇದು ನೆನಪಾಗುವುದು.

ಇಂಗ್ಲೆಂಡಿನ 1907ರ ಮಾದರಿಯ ಸೀಮಿತ ಪಾಲುದಾರಿಕೆಗೆ 1932ರ ಕಾಯ್ದೆಯಲ್ಲಿ ಜಾಗವಿಲ್ಲ. ಅದಕ್ಕೆ ಹತ್ತಿರದ್ದು 2008ರ ಕಾಯ್ದೆಯ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆ ಪಾಲುದಾರಿಕೆ). ಇದು ಸ್ವತಂತ್ರ ನಿಗಮ: ತನ್ನ ಹೆಸರಲ್ಲೇ ಆಸ್ತಿ ಕೊಳ್ಳಬಹುದು, ಮಾರಬಹುದು, ದಾವೆ ಹೂಡಬಹುದು. ಇದರಲ್ಲಿ ಪಾಲುದಾರನು ಸಂಸ್ಥೆಯ ಏಜೆಂಟನೇ ಹೊರತು ಉಳಿದ ಪಾಲುದಾರರ ಏಜೆಂಟನಲ್ಲ. ಇನ್ನು ತೋಟದ ಜಮೀನಿನ ವಿಸ್ತೀರ್ಣದ ಮಾತಿಗೆ ಬಂದರೆ, ಕರ್ನಾಟಕ ಭೂಸುಧಾರಣಾ ಕಾಯ್ದೆಯ (1961) 104ನೇ ಕಲಂ ಪ್ಲಾಂಟೇಶನ್‌ಗಳಿಗೆ ಭೂಮಿತಿಯಿಂದ ವಿನಾಯಿತಿ ನೀಡಿದೆ.