ನಿರ್ವಾಣದ ಬೆಳಗು, ಅಂಗಡಿಯ ಸಂಜೆ

ದೀಪಾವಳಿ ನಾಡಿನ ಎಲ್ಲ ಜನರ ಹಬ್ಬ. ನರಕಚತುರ್ದಶಿಯ ಅಭ್ಯಂಗ, ಅಮಾವಾಸ್ಯೆಯ ಲಕ್ಷ್ಮೀಪೂಜೆ, ಬಲಿಪಾಡ್ಯಮಿ ಇವುಗಳ ನಡುವೆ ಬಾಳಿದ ಜೈನ ಮನೆತನಗಳಲ್ಲಿ ಇವೆಲ್ಲದರ ಛಾಯೆ ಇರುವುದು ಸಹಜವೇ. ಹಬ್ಬ ಮೊದಲು ಯಾರದೆಂಬ ವಾದಕ್ಕೆ ನಾನು ಇಳಿಯಲಾರೆ. ನಮ್ಮ ಮನೆಯ ದೀಪ ಯಾವ ನೆನಪಿನಿಂದ ಉರಿಯುತ್ತಿದೆ ಎಂಬುದಷ್ಟೇ ಇಲ್ಲಿಯ ವಿಚಾರ.

ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದುದು, ಪರಂಪರೆಯ ಗಣನೆಯಂತೆ, ಕ್ರಿ.ಪೂ. 527ರಲ್ಲಿ, ಚತುರ್ದಶಿಯ ರಾತ್ರಿ ಕಳೆದು ಅಮಾವಾಸ್ಯೆ ಬೆಳಗಾಗುವ ಹೊತ್ತಿನಲ್ಲಿ. ಗ್ರಂಥಗಳು ಇದನ್ನು ಕಾರ್ತಿಕ ಕೃಷ್ಣಪಕ್ಷವೆನ್ನುತ್ತವೆ. ಅಮಾಂತ ಪಂಚಾಂಗವನ್ನು ಅನುಸರಿಸುವ ನಮಗೆ ಅದೇ ಆಶ್ವಯುಜ ಬಹುಳ, ದಿನದಲ್ಲಿ ಭೇದವಿಲ್ಲ.

ಶ್ವೇತಾಂಬರರ ಕಲ್ಪಸೂತ್ರದ ಪ್ರಕಾರ ಭಗವಾನರ ಕೊನೆಯ ಚಾತುರ್ಮಾಸ ನಡೆದುದು ಹಸ್ತಿಪಾಲ ರಾಜನ ಲೇಖಕರ, ಎಂದರೆ ಕರಣಿಕರ, ಸಭಾಭವನದಲ್ಲಿ. ಲೆಕ್ಕಪತ್ರಗಳ ನಡುವೆಯೇ ಆಯುಷ್ಯ ಕಳೆದ ನನಗೆ ಈ ವಿವರ ಬಹಳ ಪ್ರಿಯವಾದುದು. ನಮ್ಮ ದಿಗಂಬರ ಪರಂಪರೆಯ ಉತ್ತರಪುರಾಣವಾದರೋ ಸರೋವರಗಳ ನಡುವಣ ಮನೋಹರವೆಂಬ ವನವನ್ನು ಹೇಳುತ್ತದೆ. ಗೌತಮ ಗಣಧರರಿಗೆ ಕೇವಲಜ್ಞಾನವಾದುದು ಅದೇ ಸಂದರ್ಭದಲ್ಲಿ ಎಂಬ ಮಾತಿಗೆ ಎರಡು ಪಂಥಗಳ ಸಮ್ಮತಿಯೂ ಇದೆ. ಒಂಬತ್ತು ಮಲ್ಲರು, ಒಂಬತ್ತು ಲಿಚ್ಛವಿಗಳು, ಹೀಗೆ ಹದಿನೆಂಟು ಗಣರಾಜರು ಅಂದು ಉಪವಾಸವಿದ್ದು, ಜ್ಞಾನದ ಬೆಳಕು ಮರೆಯಾದುದರಿಂದ ಲೌಕಿಕ ದೀಪಗಳನ್ನಾದರೂ ಬೆಳಗಿಸೋಣವೆಂದು ಬಗೆದರೆಂದು ಕಲ್ಪಸೂತ್ರ ತಿಳಿಸುತ್ತದೆ. ಆ ದೀಪಗಳನ್ನು ಹಚ್ಚಿದವರು ಉಪವಾಸಿಗಳೆಂಬುದನ್ನು ನಾವು ಹೋಳಿಗೆಯ ಸಂಭ್ರಮದಲ್ಲಿ ಮರೆತಿದ್ದೇವೆ.

ಭರತಖಂಡದ ಜನರು ವರ್ಷವರ್ಷವೂ ದೀಪಾಲಿಕೆಯಿಂದ ನಿರ್ವಾಣವನ್ನು ಪೂಜಿಸುತ್ತಾರೆಂದು ಸ್ಪಷ್ಟವಾಗಿ ಬರೆದವರು ಹರಿವಂಶಪುರಾಣದ ಜಿನಸೇನಾಚಾರ್ಯರು. ಶಕ 705, ಎಂದರೆ ಕ್ರಿ.ಶ. 783. ಇವರು ಆದಿಪುರಾಣದ ಜಿನಸೇನರಲ್ಲ. ಕೃತಿ ರಚಿತವಾದುದು ದೂರದ ವರ್ಧಮಾನಪುರದಲ್ಲಾದರೂ ಆಚಾರ್ಯರು ಪುನ್ನಾಟ ಸಂಘದವರು. ಪುನ್ನಾಟವೆಂದರೆ ನಮ್ಮ ದಕ್ಷಿಣ ಕರ್ನಾಟಕದ ಪುನ್ನಾಡು. ನಿರ್ವಾಣವಾಗಿ 605 ವರ್ಷ 5 ತಿಂಗಳಿಗೆ ಶಕರಾಜನೆಂಬ ಗಣನೆಯನ್ನೂ ಅವರು ಕೊಟ್ಟಿದ್ದಾರೆ.

ವೀರನಿರ್ವಾಣ ಸಂವತ್ ಮರುದಿನದ ಪಾಡ್ಯದಿಂದ ಆರಂಭವಾಗುತ್ತದೆ. ವರ್ತಕರ ಹೊಸ ಲೆಕ್ಕವೂ ಆಗಲೇ. ನಮ್ಮ ತಂದೆಯವರು ಅಮಾವಾಸ್ಯೆಯ ನಸುಕಿನಲ್ಲಿ ಬಸದಿಗೆ ಹೋಗಿ ನಿರ್ವಾಣ ಲಾಡು ಅರ್ಪಿಸಿ ಬಂದ ಮೇಲೆಯೇ ಹಳೆಯ ಕಿರ್ದಿ-ಖಾತೆಗಳನ್ನು ಮುಗಿಸಲು ಕೂರುತ್ತಿದ್ದರು. ತೀರಿಸಲಾಗದ ಬಡ ಗಿರಾಕಿಯ ಬಾಕಿಯನ್ನು ಅಂದು ಹೊಡೆದುಹಾಕಿ, ಹೊಸ ಪುಸ್ತಕಕ್ಕೆ ತರುತ್ತಿರಲಿಲ್ಲ. ಸಂಜೆ ಅಂಗಡಿಯ ಪೂಜೆ. ಆದಾಯ ತೆರಿಗೆಗಾಗಿ ಎಲ್ಲರ ಲೆಕ್ಕವೂ ಮಾರ್ಚ್ 31ಕ್ಕೇ ಮುಗಿಯಬೇಕೆಂದು 1989ರಿಂದ ನಿಯಮವಾದಾಗ ಲೆಕ್ಕದ ಜೊತೆಗೆ ಆ ಪದ್ಧತಿಯೂ ಹೋಯಿತು. ಈಗ ಸಂಜೆಯ ಪೂಜೆ ಮಾತ್ರ ಉಳಿದಿದೆ. ನಸುಕಿನ ಬಸದಿಯಲ್ಲಿ ವೃದ್ಧರೇ ಹೆಚ್ಚು.

ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ಟ್ರಸ್ಟಿನ ಲೆಕ್ಕ ನೋಡುವ ಪ್ರಸಂಗ ಬಂತು. ನಿರ್ವಾಣ ಪೂಜೆಯ ಖರ್ಚಿನಲ್ಲಿ ಪಟಾಕಿಯ ಬಿಲ್ಲಿತ್ತು, ಎಣ್ಣೆ-ಬತ್ತಿಯ ಖರ್ಚಿಗಿಂತ ದೊಡ್ಡದು. ಇರುವೆಯನ್ನೂ ದಾಟಿ ನಡೆಯುವ ನಾವು, ಅಂಗಳದ ಮರದ ಹಕ್ಕಿಗಳು ಕತ್ತಲಲ್ಲಿ ದಿಕ್ಕೆಟ್ಟು ಹಾರುವಂತೆ ಮಾಡುವುದು ಯಾವ ಪೂಜೆಯೆಂದು ಕೇಳಿದೆ. ಹುಡುಗರ ಉತ್ಸಾಹವೆಂದರು. ಮರುವರ್ಷ ಆ ಬಾಬು ಪೂಜೆಯ ಖರ್ಚಿನಲ್ಲಿ ಕಾಣಲಿಲ್ಲ. ‘ಇತರೆ’ ಎಂಬ ಶೀರ್ಷಿಕೆಯ ಕೆಳಗಿತ್ತು. ಬರುವ ದೀಪಾವಳಿಗೆ ಮುನ್ನ ಟ್ರಸ್ಟಿನ ಮಹನೀಯರು ತಮ್ಮ ತಮ್ಮ ‘ಇತರೆ’ಯನ್ನೊಮ್ಮೆ ತೆರೆದು ನೋಡಬೇಕೆಂದು ನನ್ನ ವಿನಂತಿ.